ಮೂಟೆ ಕಟ್ಟಿದ ಹೆಸರುಗಳು

ಹನ್ನೆರಡು ಹೊಡೆದರೂ ಐನೂರು ಹೆಸರು ಒಳಗೆ ಹೋಗಿರಲಿಲ್ಲ. ಇನ್ನೂ ಐದೂವರೆ ಸಾವಿರ ಬಾಕಿ. ಮೂರು ಗಂಟೆಗೆ ಪಟ್ಟಿ ಡಾಕ್ಟರ ಕೈಯಲ್ಲಿರಬೇಕು.

ಹಳೇಬೀಡಿನ ಛತ್ರದಲ್ಲಿ ಕಣ್ಣಿನ ಶಿಬಿರ. ಅರವತ್ತು ಊರು ಸುತ್ತಿ ಕಣ್ಣು ನೋಡಿ ಬರೆದುಕೊಂಡ ವಿವರವೆಲ್ಲ ಫ್ಲಾಪಿಗಳಲ್ಲಿತ್ತು. ಅದನ್ನು ಪುಟ್ಟದೊಂದು ಡೇಟಾಬೇಸಿಗೆ ತುಂಬಿದರೆ, ಪೊರೆ ಬಲಿತ ಇನ್ನೂರು ಮಂದಿಯನ್ನು ಕಂಪ್ಯೂಟರೇ ಆರಿಸಿಕೊಡುತ್ತದೆ. ಬಂದಿರುವುದು ಇನ್ನೂರೇ ಲೆನ್ಸ್. ಮತ್ತೆ ಶಿಬಿರ ಎರಡು ವರ್ಷಕ್ಕೆ.

ಕಂಪ್ಯೂಟರಿನ ಮುಂದೆ ಕೂತವನು ರವಿಕುಮಾರ. ಅವನ ತಾಯಿ ದ್ಯಾವಮ್ಮ ಆ ಅರವತ್ತು ಊರುಗಳಲ್ಲೊಂದಾದ ಹಗರೆಯಲ್ಲಿ ಗೋಡೆ ತಡವಿಕೊಂಡು ಓಡಾಡುತ್ತಿದ್ದಳು. ಈ ಸಲ ತಪ್ಪಿದರೆ ಪೂರ್ತಿ ಕತ್ತಲೆ ಎಂದು ಡಾಕ್ಟರು ಹೇಳಿ ಹೋಗಿದ್ದರು. ಕಣ್ಣು ಕೊಡುವವನು ಭಗವಂತ. ಪಟ್ಟಿ ಕೊಡುವವನು ಮಗ. 'ಹೆಸ್ರು ಬರೆಸಿವ್ನಿ ಕಣಪ್ಪ' ಎಂದಿದ್ದಳು ಅವ್ವ. ಅವನಿಗೆ ಅಷ್ಟು ಸಾಕಿತ್ತು.

ಕೆಲಸಕ್ಕೆ ಜೊತೆಯಾಗಿದ್ದ ಮೀನಾಕ್ಷಿ ಮೇಡಂ ಪರದೆಗೆ ಬಗ್ಗಿ ನೋಡಿದಳು.

"ಏನ್ರೀ ರವಿ, ಒಂದೊಂದು ಹೆಸ್ರಿಗೂ ಒಂದೊಂದ್ಸಲ ಡಿಸ್ಕಿಗೆ ಬರೀತಿದೆಯಲ್ರೀ ಇದು! ರಾಗೀನ ಕಾಳುಕಾಳಾಗಿ ಮಿಲ್ಲಿಗೆ ಹೊತ್ತಂಗೆ. ಎಲ್ಲಾನೂ ಮೂಟೆ ಕಟ್ಟಿ ಒಂದೇ ಸಲ ಹಾಕಿ."

ಹಾಕಿದ. ಓಡಿತು, ನಿಂತಿತು. ಎಲ್ಲೋ ಒಂದು ಅಂಕಣ ಖಾಲಿಯಿದ್ದ ಸಾಲು ಸಿಕ್ಕಿ, ಮೂಟೆಗೆ ಮೂಟೆಯೇ ವಾಪಸು ಬಂತು. ರವಿ ಹಲ್ಲು ಕಚ್ಚಿದ. ಖಾಲಿ ಕಂಡ ಸಾಲನ್ನು ಬಿಟ್ಟು ಮುಂದೆ ನಡೆ ಎಂದು ಒಂದು ಅಪ್ಪಣೆ ಸೇರಿಸಿದ.

"ಯಾರವ್ರು ಅಂತ ನೋಡ್ಬಾರ್ದಾ?"

"ಟೈಮೆಲ್ಲೈತೆ ಮೇಡಂ? ಕೇಳಿದ್ದಕ್ಕೆ ನೆಟ್ಟಗೆ ಉತ್ರ ಕೊಡ್ದೋರಿಗೆ ಕಣ್ಯಾಕ್ರೀ?"

ಅವನು ನಕ್ಕ. ಅವಳಿಗೂ ನಗು ತಡೆಯಲಿಲ್ಲ.

ನಾಲ್ಕೇ ನಿಮಿಷ. ಕೆಳಗೆ ಸಣ್ಣಕ್ಷರದಲ್ಲಿ ಮೂಡಿತು: ಬಿಟ್ಟ ಸಾಲು, ಮೂವತ್ತೊಂದು. ಮೂರಕ್ಕೆ ಮೊದಲೇ ಆಪರೇಷನ್ನಿನ ಇನ್ನೂರು ಚೀಟಿ ಇನ್ನೂರು ಕೈ ಸೇರಿದವು. ಡಾಕ್ಟರು ಅವನ ಬೆನ್ನು ತಟ್ಟಿದರು.

ನಾಲ್ಕರ ಬಸ್ಸಿಗೆ ದ್ಯಾವಮ್ಮ ಬಂದಳು. ಪಕ್ಕದ ಮನೆ ವೆಂಕಟಲಕ್ಷ್ಮಮ್ಮನ ಕೈ ಹಿಡಿದಿದ್ದಳು. ಡಾಕ್ಟರಿಗೆಂದು ಸೆರಗಿನಲ್ಲಿ ಎರಡು ತೆಂಗಿನಕಾಯಿ ಕಟ್ಟಿಕೊಂಡಿದ್ದಳು.

ರವಿ ಪಟ್ಟಿಯಲ್ಲಿ ಹಗರೆಯ ಹಾಳೆ ತೆಗೆದ. ಬೆರಳಿಟ್ಟು ಮೇಲಿಂದ ಕೆಳಗೆ ಓದಿದ. ಮತ್ತೆ ಓದಿದ.

"ಅವ್ವ... ಕೇಳಿದ್ದೆಲ್ಲಾ ಬರೆಸಿದ್ಯೇನವ್ವ?"

"ಎಲ್ಲಾ ಹೇಳ್ದೆ ಕಣ್ಮಗ. ಗಂಡನ ಹೆಸ್ರೇನಜ್ಜಿ ಅಂದ್ರು ನೋಡು, ನಿಮ್ಮಪ್ಪನ ಹೆಸ್ರ ನಾನು ಬಾಯ್ಬಿಟ್ಟು ಹೇಳಾದುಂಟಾ? ಅದೊಂದು ಖಾಲಿ ಬಿಡಪ್ಪ, ಅಲ್ಲಿ ಕಂಪ್ಯೂಟ್ರು ಮುಂದೆ ಕುಂತಿರಾನು ನನ್ ಮಗ್ನೇಯ, ಅವ್ನೇ ತುಂಬ್ಕತಾನೆ ಅಂದೆ."