ಹೊಸ್ತಿಲ ತುಕ್ಕು

ಮುದುಕ ಮುಕಾಯ್ ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಒತ್ತಿದ್ದೇ ತಡ, ಝಿಗುಲಿ ಕಾರಿನ ಬಾಗಿಲ ಕೆಳಗಿನ ಪಟ್ಟಿ ಒಣರೊಟ್ಟಿಯ ಹಾಗೆ ಪುಡಿಪುಡಿಯಾಗಿ ಉದುರಿತು. ಗ್ಯಾರೇಜಿನವರ ಬಾಯಲ್ಲಿ ಅದು ಕಾರಿನ ಹೊಸ್ತಿಲು. ಮಗ ನುರ್ದಿನ್ ತೀರಿಕೊಂಡ ಮೇಲೆ ಮೂರು ಚಳಿಗಾಲ ಅಂಗಳದಲ್ಲೇ ನಿಂತು ಹಿಮ ಕುಡಿದ ಕಾರು. ಮುದುಕ ನಾಲ್ಕು ದಿನದಿಂದ ಅದರಡಿ ತೂರಿಕೊಂಡು, ಕೆಟ್ಟದ್ದನ್ನು ಕೊಯ್ದು ತೆಗೆದು ಹೊಸ ತಗಡು ಬೆಸೆಯುತ್ತಿದ್ದ.

ಸೊಸೆ ಬುರುಲ್ ಚಹಾದ ಬಟ್ಟಲು ಹಿಡಿದು ಬಂದು ನಿಂತಳು. ಮಾರುವುದಕ್ಕೇ ಇರಬೇಕು ಈ ರಿಪೇರಿ ಎಂದು ಅವಳ ಎಣಿಕೆ. ಆದರೆ ಅವಳು ಬಂದದ್ದು ಬೇರೆ ಮಾತಿಗೆ. ನರಿನ್ ಊರಿನ ದನದ ಡಾಕ್ಟರು ಸಮಾತ್ ಮದುವೆಯಾಗೋಣವೇ ಎಂದು ಕೇಳಿದ್ದ. ಇವಳು ಹೂಂ ಎಂದಿದ್ದಳು. ಹೂಂ ಎಂದು ಹನ್ನೆರಡು ದಿನವಾಗಿತ್ತು. ಗಂಡ ಸತ್ತಾಗ ತವರಿಗೆ ಕಳಿಸಿಬಿಡು ಎಂದು ನೆಂಟರೆಲ್ಲ ಹೇಳಿದರೂ, "ಇವಳು ನಮ್ಮನೆ ಮಗಳು" ಎಂದು ಉಳಿಸಿಕೊಂಡಿದ್ದ ಮಾವ. ಅವನೆದುರು ಆ ಮಾತು ನಾಲಿಗೆಯವರೆಗೆ ಬಂದು ಬಂದು ಹಿಂದೆ ಸರಿಯುತ್ತಿತ್ತು.

"ಅಪ್ಪಾ, ನಿಮ್ಹತ್ರ ಒಂದ್ಮಾತು..."

"ಮೊದ್ಲು ಆ ಉಜ್ಜೋ ಕಾಗದ ಕೊಡು. ಒರಟಾಗಿರೋದು."

ಕೊಟ್ಟಳು. ಧೈರ್ಯ ಅಷ್ಟರಲ್ಲೇ ಸೋರಿಹೋಗಿತ್ತು. "ಇಷ್ಟ್ಯಾಕೆ ಒದ್ದಾಡ್ತೀರಾ? ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದ್ರೆ ಸಾಕಲ್ವಾ? ಕೊಂಡ್ಕೊಳ್ಳೋನಿಗೆ ಏನ್ ಗೊತ್ತಾಗುತ್ತೆ?"

"ಮಾರೋರ‍್ಯಾರು?" ಕಾರಿನಡಿಯಿಂದ ದನಿ ಬಂತು. "ತಳ ತೂತಿದ್ರೆ ದೊಲೊನ್ ಘಟ್ಟ ಹತ್ತೋವಾಗ ಹಿಮದ ರೊಚ್ಚೆಯೆಲ್ಲ ಒಳಗೇ ನುಗ್ಗುತ್ತೆ. ನಿನ್ ಕಾಲು ಮರಗಟ್ಟಿದ್ರೆ ಬ್ರೇಕ್ ಯಾವ್ದು, ಕ್ಲಚ್ ಯಾವ್ದು, ಅದೂ ತಿಳಿಯಲ್ಲ."

ಬುರುಲ್ ಚಹಾದ ಬಟ್ಟಲನ್ನು ಅಲ್ಲೇ ನೆಲಕ್ಕಿಟ್ಟಳು. ದೊಲೊನ್ ಘಟ್ಟದಾಚೆ ಇರುವುದು ನರಿನ್.

"ನಿಮ್ಗೆ... ಯಾರ್ ಹೇಳಿದ್ರು?"

"ಹಸು." ಮುಕಾಯ್ ಬೆನ್ನ ಮೇಲೆ ಜಾರಿಕೊಂಡು ಹೊರಬಂದ. ಗಡ್ಡದ ತುಂಬ ಕೆಂಪು ಪುಡಿ. "ಎರಡು ತಿಂಗಳಲ್ಲಿ ಆರು ಸಲ ಘಟ್ಟ ಹತ್ತಿಳಿದು ನಮ್ ಹಸು ನೋಡಕ್ಕೆ ಬಂದ ಆ ಡಾಕ್ಟ್ರು. ಅದಕ್ಕೇನು ಧಾಡಿ? ಕಲ್ಲುಗುಂಡಿನಂಗಿದೆ. ಹೋದ್ಸಲವಂತೂ ಅದರ ಬಾಯಿ ತೆರೆದು ಹಿಡ್ಕೊಂಡು ನಿನ್ ಮುಖಾನೇ ನೋಡ್ತಾ ನಿಂತಿದ್ದ. ಹಸುಗೇ ಬೇಜಾರಾಯ್ತು."

ಬುರುಲ್‌ಗೆ ನಗು ಬಂತು. ನಗುತ್ತಿರುವಾಗಲೇ ಕಣ್ಣು ತುಂಬಿತು. "ಅಮ್ಮನಿಗೆ ಹೇಗ್ ಹೇಳ್ಲಿ?"

"ನನ್ ಹೆಂಡ್ತಿ ನನಗಿಂತ ಚುರುಕು. ಒಂದು ವಾರದಿಂದ ಒಳಗೆ ಉಣ್ಣೆ ತುಂಬಿ ಹಾಸಿಗೆ ಹೊಲೀತಿದಾಳಲ್ಲ, ಅದೇನು ನನಗೆ ಅಂದ್ಕೊಂಡ್ಯಾ?"

"ಕಾರು ಮಾತ್ರ ಬೇಡ, ಅಪ್ಪಾ. ಅದು ನಿಮ್ ಮಗನದ್ದು."

"ಮಗಳನ್ನ ಬರಿಗೈಲಿ ಕಳ್ಸೋ ಪೈಕಿ ಅಲ್ಲ ನಾವು," ಎಂದವನು ಕೈಯಲ್ಲೇ ಇದ್ದ ಸುತ್ತಿಗೆಗಾಗಿ ಸುತ್ತಲೂ ಹುಡುಕಿದ.

ಬುರುಲ್ ತಲೆವಸ್ತ್ರ ಬಿಗಿದುಕೊಂಡು ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಉಜ್ಜತೊಡಗಿದಳು. ಕೆಂಪು ಹೋಗಿ ಕಂದು ಬಂತು, ಕಂದು ಹೋಗಿ ಬೆಳ್ಳಗಿನ ಲೋಹ ಹೊಳೆಯಿತು. ಮುದುಕ ಬೆಸೆಯುವಾಗ ಅವಳು ಮುಖ ತಿರುಗಿಸಿ ತಗಡು ಹಿಡಿದುಕೊಂಡಳು. ಇಳಿಹೊತ್ತಿಗೆ ಹೊಸ ಹೊಸ್ತಿಲಿಗೆ ಬೂದು ಬಣ್ಣದ ಪ್ರೈಮರ್ ಹಚ್ಚಿದ್ದೂ ಆಯಿತು.

"ನಾಳೆ ಬಣ್ಣ ಹಚ್ಚೋಣ್ವಾ? ಮೊದಲಿನ ನೀಲೀನೇ ತರ್ಲಾ?"

ಮುಕಾಯ್ ಒದ್ದೆ ಪ್ರೈಮರಿಗೆ ತಾಗದಂತೆ ನೀಲಿ ಬಾಗಿಲ ಮೇಲೆ ಒಮ್ಮೆ ಅಂಗೈ ಆಡಿಸಿದ.

"ಬೇಡ. ಯಾವ ಬಣ್ಣ ಬೇಕೋ, ಅಲ್ಹೋಗಿ ನೀವಿಬ್ರೂ ನೋಡಿ ಹಚ್ಕೊಳ್ಳಿ." ಬಟ್ಟಲಲ್ಲಿ ಆರಿಹೋಗಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಬೇಕೆಂದೇ ದನಿ ಗಡಸು ಮಾಡಿಕೊಂಡ. "ಆದ್ರೆ ತುಕ್ಕು ಕೆಟ್ಟದ್ದು, ಮತ್ತೆ ಬರುತ್ತೆ. ವರ್ಷಾ ವರ್ಷಾ ಹಿಮ ಕರಗಿದ್ಮೇಲೆ ಇಲ್ಲಿಗೇ ತಂದು ತೋರಿಸ್ಬೇಕು. ಅಲ್ಲಿ ಯಾರ ಕೈಗಾದ್ರೂ ಕೊಟ್ಟೀಯ, ಹುಷಾರ್!"