ಹೊಸ ಕೇಪು

ತಿರುಗುತ್ತಿದ್ದ ಡ್ರಿಲ್ಲಿನ ಸೂಜಿ ಖಾಲಿ ತೋಟೆಯ ಬಾಯೊಳಗೆ ಇಳಿಯುವಷ್ಟರಲ್ಲಿ, ತಳದಲ್ಲಿ ತೂತು ಇರಬೇಕಾದ ಕಡೆ ವರ್ನಾಳ ಬೆರಳಿಗೆ ನುಣುಪು ತಾಗಿತು. ಡ್ರಿಲ್ ನಿಲ್ಲಿಸಿ ನೋಡಿದರೆ ಅಲ್ಲಿ ಹೊಸ ಕೇಪು, ತೋಟೆಯ ಸಿಡಿಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು, ಹೊಳೆಯುತ್ತಿತ್ತು. ಸೂಜಿ ಚುಚ್ಚಿದ್ದರೆ ಅಂಗೈಯಲ್ಲೇ ಸಿಡಿಯುತ್ತಿತ್ತು.

"ಆರ್ವಿಡ್, ತೋಟೆಯ ಹಿತ್ತಾಳೆ ಅಂಚು ಕತ್ತರಿಸೋಕೆ ಮುಂಚೇನೇ ಯಾರಾದ್ರೂ ಕೇಪು ಕೂರಿಸ್ತಾರಾ? ನನ್ನ ಕೈ ಹೋಗ್ತಿತ್ತು ಮಾರಾಯ!"

ಅವಳಿಗೆ ಈ ಕೆಲಸ ಕಲಿಸಿದ ಗಂಡ ನಕ್ಕ. "ಹುಚ್ಚಿ, ಅದನ್ನ ನಾನು ಮುಟ್ಟೇ ಇಲ್ಲ. ಮಗಳ ರೈಫಲ್ಲಿಗೆ ತೋಟೆ ತುಂಬ್ತಾ ಕೂತಿದ್ದೆ."

ಅವರು ಕೆಲಸ ಮಾಡುತ್ತಿದ್ದ ಆ ಶೆಡ್ಡಿನ ಬೀಗದ ಕೈ ಇದ್ದದ್ದು ಅವನೊಬ್ಬನ ಬಳಿ; ಕೇಪು ಕೂರಿಸಿ ಮರೆತವನು ಅವನೇ. ವರ್ನಾ ಮೆಲ್ಲಗೆ ಕೇಳಿದಳು: "ಯಾವ ಮದ್ದು ಹಾಕಿದೆ?"

ಅವನು ಹೆಮ್ಮೆಯಿಂದ ಎತ್ತಿ ತೋರಿಸಿದ್ದು ಪಿಸ್ತೂಲಿನ ಮದ್ದಿನ ಡಬ್ಬಿ. ರೈಫಲ್ಲಿಗೆ ತುಂಬಿದರೆ ನಳಿಗೆಯನ್ನೇ ಸೀಳುವಂಥದ್ದು. ಬಾಗಿಲಾಚೆ, ಅವನು ತುಂಬಿಕೊಟ್ಟ ತೋಟೆಗಳನ್ನು ಒಯ್ದು ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋದ ಮಗಳ ಪಿಕಪ್ಪಿನ ಗಾಲಿಗುರುತು ಹಿಮದಲ್ಲಿ ಆಗಲೇ ಮುಚ್ಚಿಹೋಗುತ್ತಿತ್ತು.