ಸಂಜೆ ಕೈಗೊಂದು ಬೀಗ

ಬೀಗ ಹಾಕಿದ ಸೈಕಲ್ಲಿನ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿದು, ಮುಂದಿನ ಚಕ್ರವೊಂದನ್ನೇ ಉರುಳಿಸಿಕೊಂಡು ಹೋಗುತ್ತಿದ್ದ ಬೈರಮ್ಮನನ್ನು ರಾಮನಗರದ ರೇಷ್ಮೆ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಬೈಕಿನವರಿಬ್ಬರು ಅಡ್ಡ ಹಾಕಿದರು. ಸೈಕಲ್ ಯಾರದು ಎಂದು ಕೇಳಿದರು. ನನ್ನದೇ ಎಂದಳು. ನಿನ್ನದಾದರೆ ಬೀಗ ತೆಗೆದು ತೋರಿಸು ಎಂದರು. ಅವಳು ಊಟದ ಚೀಲದಿಂದ ಕೀ ತೆಗೆದು ಬೀಗಕ್ಕೆ ತೂರಿಸಿದಳು. ತಿರುಗಲಿಲ್ಲ. ಎರಡನೆಯ ಸಲ ಕೀ ಬೆರಳಿನಿಂದ ಜಾರಿ ಮಣ್ಣಿಗೆ ಬಿತ್ತು. ಅವರಲ್ಲೊಬ್ಬ ಅದನ್ನೆತ್ತಿ ಹಾಕಿ ತಿರುವಿದ. ಬೀಗ ಟಕ್ಕೆಂದು ಬಿಚ್ಚಿಕೊಂಡಿತು.

“ಕೀ ಇಟ್ಕೊಂಡು ಯಾಕವ್ವ ಹೊತ್ಕೊಂಡು ಹೋಯ್ತಿದ್ದೀಯ?” ಎಂದು ನಕ್ಕ. ಕಳ್ಳಿಯಲ್ಲ, ತಲೆ ಸರಿಯಿಲ್ಲದವಳು ಎಂದುಕೊಂಡು ಇಬ್ಬರೂ ಹೊರಟುಹೋದರು.

ಬೈರಮ್ಮ ರೀಲಿಂಗ್ ಘಟಕದಲ್ಲಿ ರೇಷ್ಮೆ ನೂಲು ತೆಗೆಯುವವಳು. ದಿನಕ್ಕೆ ಎಂಟು ಗಂಟೆ ಬಿಸಿನೀರಿನ ತೊಟ್ಟಿಯಲ್ಲಿ ಕೈಯಾಡಿಸಿ, ಬೆಂದ ಗೂಡುಗಳಿಂದ ಎಳೆಯ ತುದಿ ಹುಡುಕಿ ಕೊಡಬೇಕು. ಸಂಜೆಯ ಹೊತ್ತಿಗೆ ಬೆರಳುಗಳು ಊದಿಕೊಂಡು, ಸುಕ್ಕುಗಟ್ಟಿ, ತುದಿಯಲ್ಲಿ ಜೀವವೇ ಇಲ್ಲದಂತಾಗುತ್ತಿದ್ದವು. ಊರಿನಿಂದ ನಾಲ್ಕು ಕಿಲೋಮೀಟರ್. ಇಪ್ಪತ್ತು ವರ್ಷ ನಡೆದೇ ಬಂದವಳು ನಲವತ್ತಾರನೆಯ ವಯಸ್ಸಿನಲ್ಲಿ, ಈ ಬೇಸಿಗೆಯಲ್ಲಿ, ಒಣಗಿದ ಕೆರೆಯಂಗಳದಲ್ಲಿ ಬಿದ್ದು ಎದ್ದು ಸೈಕಲ್ ಕಲಿತಿದ್ದಳು. ಕಲಿತಿದ್ದೇನೋ ಆಯಿತು, ಸಂಜೆ ಬೀಗ ತೆಗೆಯಲು ಮಾತ್ರ ದಿನವೂ ದಾರಿಹೋಕರನ್ನು ಕರೆಯಬೇಕಾಗುತ್ತಿತ್ತು. ಆ ದಿನ ಯಾರೂ ಸಿಕ್ಕಿರಲಿಲ್ಲ. ಬೀಗ ಹಾಕದೆ ನಿಲ್ಲಿಸುವ ಹಾಗಿಲ್ಲ. ಹೋದ ತಿಂಗಳು ಘಟಕದ ಓಣಿಯಲ್ಲೇ ಒಂದು ಸೈಕಲ್ ಮಾಯವಾಗಿತ್ತು.

ಗಂಡ ರಾಮಲಿಂಗಯ್ಯ ಎಲ್ಲವನ್ನೂ ಕೇಳಿಸಿಕೊಂಡು, ಸೈಕಲ್ ಮಾರಿಬಿಡೋಣ, ನಡೆದು ಹೋಗುವಾಗ ಇಂಥ ಮಾತು ಯಾರೂ ಆಡಿರಲಿಲ್ಲ ಎಂದ. ಮರುದಿನ ಕೆಲಸ ಮುಗಿದದ್ದೇ ಬೈರಮ್ಮ ಯಾರಿಂದಲೋ ಬೀಗ ತೆಗೆಸಿಕೊಂಡು, ಸೈಕಲ್ಲಿನೊಂದಿಗೆ ನೆಟ್ಟಗೆ ವಹಾಬನ ಸೈಕಲ್ ಅಂಗಡಿಗೆ ಹೋದಳು.

ವಹಾಬ್ ಅವಳ ಕೈ ನೋಡಿ ಮರುಗಿದ. ಭಾನುವಾರ ಬೆಳಿಗ್ಗೆ ಬನ್ನಿ, ಅಷ್ಟರಲ್ಲಿ ಊತ ಇಳಿದಿರುತ್ತದೆ, ನಿಧಾನವಾಗಿ ಆರಿಸಬಹುದು ಎಂದ.

“ಬೆಳಗಿನ ಕೈಗೆ ಎಲ್ಲಾ ಬೀಗನೂ ಆಯ್ತದೆ ಕಣಣ್ಣ,” ಎಂದಳು ಬೈರಮ್ಮ. “ನಂಗೆ ಬೇಕಿರೋದು ಸಂಜೆ ಕೈಗೆ.”

ಅವನು ಮೊದಲು ದಪ್ಪ ಸರಪಳಿ ತಂದ. ಇದನ್ನು ಯಾವ ಕಳ್ಳನೂ ಮುಟ್ಟುವುದಿಲ್ಲ ಎಂದ. ಎತ್ತಿ ನೋಡಿದಳು, ಎರಡು ಸೇರು ರಾಗಿಯ ಭಾರ. ನಾನೂ ಮುಟ್ಟುವುದಿಲ್ಲ ಎಂದು ಕೆಳಗಿಟ್ಟಳು. ಕೀಯೇ ಬೇಡದ ನಂಬರ್ ಬೀಗ ಸರಿಹೋಗುತ್ತದೆಂದು ಅವನಿಗೆ ಖಾತ್ರಿಯಿತ್ತು. ಆದರೆ ಆ ಪುಟ್ಟ ಗಾಲಿಗಳು ತಿರುಗಿದವೋ ಇಲ್ಲವೋ ಅವಳ ಬೆರಳಿಗೆ ತಿಳಿಯುತ್ತಲೇ ಇರಲಿಲ್ಲ. ಮೂರು ಅಂಕಿ ಕೂಡಿದರೆ ನಾಲ್ಕನೆಯದು ಮುಂದಕ್ಕೆ ಜಾರುತ್ತಿತ್ತು. ಐದು ಸಲ ಹಾಗೇ ಆಯಿತು. ಪಂಕ್ಚರ್ ಹಾಕಿಸಲು ಬಂದವರು ಮಾತು ನಿಲ್ಲಿಸಿ ನೋಡತೊಡಗಿದರು. ಕೊಡಿ, ನಾನು ತೆಗೆದು ಕೊಡುತ್ತೇನೆ ಎಂದು ವಹಾಬ್ ಕೈ ಚಾಚಿದ. ಅವಳು ಬೀಗವನ್ನು ಅವನ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು.

ಈಗ ವಹಾಬನಿಗೂ ಹಟ ಬಂತು. ಸ್ಟೂಲ್ ಹತ್ತಿ, ಅಟ್ಟದ ಧೂಳಿನಿಂದ ಒಂದು ಡಬ್ಬಿ ಇಳಿಸಿ, ಇದು ಚಿಕ್ಕ ಮಕ್ಕಳ ಸೈಕಲ್ಲಿಗೆ ತರಿಸಿದ್ದು, ಯಾರೂ ಒಯ್ಯಲಿಲ್ಲ ಎಂದು ಸಂಕೋಚದಿಂದಲೇ ಮುಂದಿಟ್ಟ. ಗಿಳಿಹಸಿರು ಬಣ್ಣದ ಸುರುಳಿ ತಂತಿ. ಎತ್ತಿದರೆ ಒಂದು ಹಿಡಿ ಬಳೆಯಷ್ಟೂ ಭಾರವಿಲ್ಲ. ತುದಿಯನ್ನು ಒಳಗೆ ಒತ್ತಿದರೆ ಬೀಗ ತಾನೇ ಬೀಳುತ್ತಿತ್ತು. ಕೀಗೆ ಮೂರು ಬೆರಳಗಲದ ಪ್ಲಾಸ್ಟಿಕ್ ತಲೆ. ಬೈರಮ್ಮ ಅದನ್ನು ಬೆರಳ ತುದಿಯಲ್ಲಿ ಹಿಡಿಯಲಿಲ್ಲ. ಮುಷ್ಟಿಯೊಳಗೆ ಇಟ್ಟುಕೊಂಡು, ದೋಸೆ ಮಗುಚಿದ ಹಾಗೆ ಮಣಿಕಟ್ಟು ತಿರುವಿದಳು.

ತೆರೆಯಿತು.

ಮತ್ತೆ ಹಾಕಿ, ಮತ್ತೆ ತೆಗೆದಳು. ಕಣ್ಣು ಮುಚ್ಚಿಕೊಂಡು ತೆಗೆದಳು. ಎಡಗೈಯಲ್ಲಿ ತೆಗೆದಳು. ಪಂಕ್ಚರಿನವರಲ್ಲಿ ಒಬ್ಬ ಸುಮ್ಮನೆ ಎದ್ದು ಅವಳಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟ. ಅವಳು ಕೂರಲಿಲ್ಲ.

ಮಾರುವ ಮುಂಚೆ ವಹಾಬ್ ಒಂದು ಮಾತು ಹೇಳಿದ. ಇದು ಬರೀ ತಂತಿ, ಕಟರ್ ತಂದವನಿಗೆ ಎರಡು ನಿಮಿಷದ ಕೆಲಸ, ನಾಳೆ ನನ್ನನ್ನು ಬೈಯಬಾರದು ಎಂದ. ಬೈರಮ್ಮ ಅದನ್ನಾಗಲೇ ಯೋಚಿಸಿದ್ದಳು. ಇನ್ನು ಮೇಲೆ ಘಟಕದ ಕಿಟಕಿ ಸರಳಿಗೇ ಸೈಕಲ್ ಕಟ್ಟುತ್ತಾಳೆ. ಒಳಗೆ ಹದಿನಾರು ಹೆಂಗಸರು ಆ ಕಿಟಕಿಗೆ ಮುಖ ಮಾಡಿಯೇ ನೂಲು ತೆಗೆಯುವುದು.

“ಅಲ್ದೆ, ಕಳ್ಳ ಬಂದ್ರೆ ಒಂದಿನ ಬತ್ತಾನೆ,” ಎಂದಳು. “ನಾನು ದಿನಾ ಬತ್ತೀನಿ.”

ವಹಾಬ್ ಸ್ಪ್ಯಾನರ್ ತಂದು ಹಳೆಯ ಬೀಗವನ್ನು ತಾನೇ ಬಿಚ್ಚಿ ಹಾಕಿದ. ಮನೆಯಲ್ಲಿ ರಾಮಲಿಂಗಯ್ಯ ಹೊಸದನ್ನು ಕೈಯಲ್ಲಿ ತೂಗಿ ನೋಡಿ, ಇದು ಚನ್ನಪಟ್ಟಣದ ಆಟದ ಸಾಮಾನಿನ ಹಾಗಿದೆ ಎಂದ. ಸೈಕಲ್ ಮಾರುವ ಮಾತನ್ನಂತೂ ಎತ್ತಲಿಲ್ಲ.

ಮರುದಿನ ಸಂಜೆ ಕೆಲಸ ಬಿಟ್ಟಾಗ ಹೆಂಗಸರೆಲ್ಲ ಕಿಟಕಿಯ ಹತ್ತಿರ ಬಂದು ನಿಂತರು. ಬೈರಮ್ಮ ಬೀಗ ತೆಗೆದಳು. ಅವರು ತೆರೆಯುತ್ತದೋ ಇಲ್ಲವೋ ಎಂದು ನೋಡುವಷ್ಟರಲ್ಲಿ ಅದು ತೆರೆದಿತ್ತು. ಪಕ್ಕದ ತೊಟ್ಟಿಯ ಮುಂದೆ ಕೂರುವ ಮೆಹ್ರೀನ್, ಹನ್ನೆರಡು ವರ್ಷಗಳಿಂದ ನಡೆದೇ ಬರುವವಳು, ನನಗೊಮ್ಮೆ ಕೊಡು ಎಂದು ಕೀ ಇಸಿದುಕೊಂಡಳು. ಬಿಸಿನೀರಲ್ಲಿ ಬೆಂದು ಬಿಳಿಚಿದ ತನ್ನ ಕೈಯ ಮುಷ್ಟಿಯಲ್ಲಿ ಅದನ್ನು ಹಿಡಿದು ತಿರುವಿದಳು. ಹಾಕಿದಳು, ತೆಗೆದಳು. ಬೈರಮ್ಮ ಕೈ ಚಾಚಿದರೂ ಕೀಯನ್ನು ಹಿಂದೆ ಕೊಡದೆ, ಸೈಕಲ್ಲಿನ ಸೀಟಿನ ಮೇಲೆ ಒಂದು ಕೈಯಿಟ್ಟು ಕೇಳಿದಳು:

“ಕಲಿಯಕ್ಕೆ ಎಷ್ಟು ದಿನ ಹಿಡೀತು ನಿಂಗೆ?”